ಹಾಸನದಲ್ಲಿ ಸೊಂಟದ ಕೀಹೋಲ್ ಫ್ಯೂಷನ್ ಶಸ್ತ್ರಚಿಕಿತ್ಸೆ: ರೋಗಿಯ ಮನೆಯವರ ಅನಿಸಿಕೆ

ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ನನ್ನ ತಾಯಿಯವರಿಗೆ ಸೊಂಟದ ನಾಲ್ಕನೆಯ ಮತ್ತು ಐದನೆಯ (ಎಲ್-4, ಎಲ್-5) ಕಶೇರುಗಳನ್ನು, ಎಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳನ್ನು, ಸಣ್ಣ ಗಾಯದ ಮೂಲಕವೇ ಬೆಸೆಯುವ ಕೀಹೋಲ್ ಫ್ಯೂಷನ್ ಶಸ್ತ್ರಚಿಕಿತ್ಸೆ ಆಯಿತು. ಬಿಲ್ಲಿನ ವಿಷಯದಲ್ಲಿ ತಕರಾರು ಇರುವುದರಿಂದ ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಆದರೆ ಇದೇ ತೊಂದರೆಗೆ ಬೆಂಗಳೂರಿಗೋ ಮಂಗಳೂರಿಗೋ ಹೋಗುವ ಯೋಚನೆಯಲ್ಲಿರುವ ಸಕಲೇಶಪುರ, ಬೇಲೂರು ಕಡೆಯವರಿಗೆ ಈ ವಿವರಗಳು ಉಪಯೋಗಕ್ಕೆ ಬರಬಹುದು.

ತಾಯಿಯವರಿಗೆ ಸ್ವಲ್ಪ ದೂರ ನಡೆದರೆ ಸಾಕು, ಸೊಂಟದಿಂದ ಕಾಲಿನವರೆಗೆ ಸೆಳೆತ ಬಂದು ಜೋಮು ಹಿಡಿಯುತ್ತಿತ್ತು, ಕುಳಿತರೆ ಕಡಿಮೆಯಾಗುತ್ತಿತ್ತು. ಮಾತ್ರೆ, ಫಿಸಿಯೋಥೆರಪಿ, ಇಂಜೆಕ್ಷನ್ ಯಾವುದರಿಂದಲೂ ಗುಣ ಕಾಣಲಿಲ್ಲ. ಇಲ್ಲಿಯ ವೈದ್ಯರು ಎಂಆರ್‌ಐ ಒಂದನ್ನೇ ನಂಬದೆ, ನಿಂತು ಮುಂದಕ್ಕೆ ಬಗ್ಗಿದಾಗ ಮತ್ತು ಹಿಂದಕ್ಕೆ ಬಾಗಿದಾಗ ಬೇರೆಬೇರೆ ಎಕ್ಸ್‌ರೇ ತೆಗೆಸಿದರು. ಎರಡೂ ಫಿಲ್ಮ್‌ಗಳನ್ನು ಪಕ್ಕಪಕ್ಕ ಇಟ್ಟು, ಕಶೇರುಗಳ ಹಿಂಬದಿಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, "ನೋಡಿ ಅಮ್ಮ, ಬಗ್ಗಿದಾಗ ನಾಲ್ಕನೆಯದು ಐದನೆಯದರ ಮೇಲೆ ಮುಂದಕ್ಕೆ ಜಾರುತ್ತಿದೆ, ನರ ಅಲ್ಲಿ ಇಕ್ಕಟ್ಟಿಗೆ ಸಿಗುತ್ತಿದೆ" ಎಂದು ತೋರಿಸಿದರು. ಕಶೇರು ಜಾರದೆ ನರ ಮಾತ್ರ ಒತ್ತಿಕೊಂಡಿದ್ದರೆ ಎಷ್ಟೋ ಜನರಿಗೆ ಬೆಸೆಯುವ ಅಗತ್ಯವೇ ಇರುವುದಿಲ್ಲ, ಒತ್ತಡ ಬಿಡಿಸಿದರೆ ಸಾಕಾಗುತ್ತದೆ ಎಂದೂ ಅವರೇ ಹೇಳಿದರು. ಶಸ್ತ್ರಚಿಕಿತ್ಸೆಗೆ ಒಪ್ಪಲು ನಮಗೆ ಧೈರ್ಯ ಬಂದದ್ದು ಆ ಮಾತಿನಿಂದ.

ಹಳೆಯ ಪದ್ಧತಿಯಲ್ಲಿ ಬೆನ್ನಿನ ನಡುವೆ ಉದ್ದಕ್ಕೆ ಕುಯ್ದು ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಸರಿಸುತ್ತಾರೆ. ಕೀಹೋಲ್ ಪದ್ಧತಿಯಲ್ಲಿ ಬೆನ್ನುಮೂಳೆಯ ಎರಡೂ ಬದಿಗೆ ಸುಮಾರು ಒಂದೊಂದು ಅಂಗುಲದಷ್ಟು ಕುಯ್ದು, ತೆಳ್ಳಗಿನದರಿಂದ ಆರಂಭಿಸಿ ಒಂದರ ಮೇಲೊಂದು ದಪ್ಪ ಕೊಳವೆಗಳನ್ನು ಇಳಿಸಿ ಸ್ನಾಯುವಿನ ಎಳೆಗಳನ್ನು ಅಗಲಿಸುತ್ತಾರೆ. ಕೊನೆಗೆ ಉಳಿಯುವ, ಸುಮಾರು ಎರಡು ಸೆಂಟಿಮೀಟರ್ ಅಗಲದ ಕೊಳವೆಯೊಳಗಿಂದಲೇ ಒಂದು ಬದಿಯ ಕೀಲಿನ ಮೂಳೆ ತೆಗೆದು, ನರವನ್ನು ಬಿಡಿಸಿ, ಎರಡು ಕಶೇರುಗಳ ನಡುವಿನ ಸವೆದ ಮೆತ್ತೆಯ (ಡಿಸ್ಕ್) ಜಾಗದಲ್ಲಿ ಮೂಳೆಯ ಚೂರು ತುಂಬಿದ ಸಣ್ಣ ಪೆಟ್ಟಿಗೆಯಂಥ ಕೇಜ್ ಕೂರಿಸುತ್ತಾರೆ. ನಾಲ್ಕು ಸ್ಕ್ರೂ, ಎರಡು ರಾಡ್‌ಗಳನ್ನು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಪರದೆಯ ಮೇಲೆ ಚಿತ್ರ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ನೋಡಿಕೊಂಡು ಚರ್ಮದ ಮೂಲಕವೇ ಸೇರಿಸುತ್ತಾರೆ.

ಇದರ ಮಿತಿಗಳನ್ನೂ ವೈದ್ಯರು ಮುಚ್ಚಿಡಲಿಲ್ಲ. ರಕ್ತ ಕಡಿಮೆ ಹೋಗುತ್ತದೆ, ಮೊದಲ ಕೆಲವು ವಾರಗಳ ನೋವು ಕಡಿಮೆ, ಮನೆಗೂ ಬೇಗ ಹೋಗಬಹುದು. ಆದರೆ ಎರಡು ವರ್ಷದ ಹೊತ್ತಿಗೆ ನೋಡಿದರೆ ತೆರೆದ ಶಸ್ತ್ರಚಿಕಿತ್ಸೆಯ ಫಲಿತಾಂಶಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ, ಎಕ್ಸ್‌ರೇ ಬಳಕೆಯೂ ಇದರಲ್ಲಿ ಹೆಚ್ಚು ಎಂದು ಸ್ಪಷ್ಟವಾಗಿ ತಿಳಿಸಿದರು. ಜಾಹೀರಾತಿನಲ್ಲಿ ಎಲ್ಲೂ ಕಾಣದ ಈ ಪ್ರಾಮಾಣಿಕತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ಸೊಂಟ ತಿರುಚದೆ ಮೈಯೆಲ್ಲ ಒಟ್ಟಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳುವುದನ್ನು ತಾಯಿಯವರಿಗೆ ರೂಢಿಯಾಗುವವರೆಗೆ ದಾದಿಯೊಬ್ಬರು ತಾಳ್ಮೆಯಿಂದ ಹೇಳಿಕೊಟ್ಟರು. ಕಾಲಿನ ಸೆಳೆತ ಹೋಗಿದೆ; ಬೆರಳುಗಳ ಜೋಮು ಇನ್ನೂ ಸ್ವಲ್ಪ ಇದೆ, ಅದು ನಿಧಾನ ಎಂದು ಮೊದಲೇ ಹೇಳಿದ್ದರು. ನೋಡಲು ಬಂದ ನೆಂಟರು ಸಣ್ಣ ಪಟ್ಟಿ ಕಂಡು "ಇಷ್ಟೇನಾ" ಎನ್ನುತ್ತಿದ್ದರು. ಗಾಯ ಬೇಗ ಮಾಯ್ದರೂ ಮೂಳೆ ಕೂಡಿಕೊಳ್ಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅಲ್ಲಿಯವರೆಗೆ ಬಗ್ಗುವುದು, ಭಾರ ಎತ್ತುವುದು ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು.

ತಕರಾರು ಇಷ್ಟು: ಮೊದಲು ಕೊಟ್ಟ ಅಂದಾಜು ಪಟ್ಟಿಯಲ್ಲಿ "ಇಂಪ್ಲಾಂಟ್" ಎಂದು ಒಂದೇ ಸಾಲು ಇತ್ತು, ಸ್ಕ್ರೂ, ರಾಡ್, ಕೇಜ್‌ಗಳ ದರ ಬಿಡಿಬಿಡಿಯಾಗಿ ತಿಳಿದದ್ದು ಡಿಸ್ಚಾರ್ಜ್ ದಿನ, ಒಟ್ಟು ಮೊತ್ತವೂ ಅಂದಾಜನ್ನು ಮೀರಿತ್ತು. ಯಾವ ಕಂಪನಿಯದು, ಎಷ್ಟು ದರ, ವಿಮೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಸ್ಕ್ರೂ, ಕೇಜ್‌ಗಳ ಪ್ಯಾಕಿನ ಮೇಲೆ ಅವುಗಳ ವಿವರವಿರುವ ಇಂಪ್ಲಾಂಟ್ ಸ್ಟಿಕ್ಕರ್‌ಗಳ ಪ್ರತಿಯನ್ನೂ ಮರೆಯದೆ ತೆಗೆದುಕೊಳ್ಳಿ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿತ್ತು. ಹಳ್ಳಿಗಳಿಂದ ಬರುವ ರೋಗಿಗಳೇ ಹೆಚ್ಚಿರುವ ಆಸ್ಪತ್ರೆಯು ಅದನ್ನು ಚಿತ್ರಸಹಿತ ಕನ್ನಡದಲ್ಲಿ ಕೊಡಬೇಕೆಂದು ಲಿಖಿತವಾಗಿ ಕೇಳಿಕೊಂಡಿದ್ದೇನೆ.