ಕಾರವಾರದಲ್ಲಿ ಎರಡು ತಿಂಗಳು: ಲಾಡ್ಜೋ, ಹೋಮ್‌ಸ್ಟೇನೋ, ಬಾಡಿಗೆ ಮನೆಯೋ?

ಕೆಲಸಕ್ಕೆಂದು ಕಾರವಾರಕ್ಕೆ ಎರಡು ತಿಂಗಳು ಬರುತ್ತಿದ್ದೀರಿ, ಎಲ್ಲಿ ಉಳಿಯಲಿ ಎಂದು ಕೇಳಿದ್ದೀರಿ. ಮೊದಲು ಖರ್ಚು. ಲಾಡ್ಜಿನಲ್ಲಿ ದಿನದ ದರಕ್ಕೆ ಒಪ್ಪಬೇಡಿ, ತಿಂಗಳ ದರ ಕೇಳಿ. ಬಾಡಿಗೆ ಮನೆ ಅಗ್ಗ ಅನ್ನಿಸುತ್ತದೆ. ಆದರೆ ಮುಂಗಡ, ಗ್ಯಾಸು, ಹಾಸಿಗೆ ಎಲ್ಲ ನಿಮ್ಮ ತಲೆಗೇ. ಕರಾರು ಸಾಮಾನ್ಯವಾಗಿ 11 ತಿಂಗಳಿನದು, ಎರಡೇ ತಿಂಗಳಿಗೆ ಕೊಡುವವರು ಕಡಿಮೆ.

ಊಟದಲ್ಲಿ ಹೋಮ್‌ಸ್ಟೇ ಮುಂದೆ. ದಿನವೂ ಹೋಟೆಲ್ ಊಟ ಮಾಡಿದರೆ ಹದಿನೈದು ದಿನಕ್ಕೆ ಗಂಜಿ, ಉಪ್ಪಿನಕಾಯಿ ಬೇಕು ಅನ್ನಿಸುತ್ತದೆ, ಅಲ್ವಾ? ಮೀನು ಮಾಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ನಾನು ಜಾಸ್ತಿ ತೂಕ ಕೊಡುವುದು ಮಳೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಆಗ ಬಟ್ಟೆ ಒಗೆದುಕೊಡುವ, ಇನ್ವರ್ಟರ್ ಇರುವ ಲಾಡ್ಜೇ ಸುಖ. ಹೋಮ್‌ಸ್ಟೇ ಆದರೆ ಒಣಹಾಕಲು ಮಾಡಿನ ಕೆಳಗೆ ಜಾಗ ಇದೆಯಾ ನೋಡಿ. ನೆಲಮಹಡಿ ಬೇಡ.

ಓಡಾಟ? ಬಸ್ ನಿಲ್ದಾಣದ ಹತ್ತಿರದ ಲಾಡ್ಜು ಅನುಕೂಲ. ರೈಲು ನಿಲ್ದಾಣ ಶಿರವಾಡದಲ್ಲಿದೆ, ಪೇಟೆಯಿಂದ ದೂರ. ಕೈಗಾದಲ್ಲಿ ಕೆಲಸವಿದ್ದರೆ ಮಲ್ಲಾಪುರದ ಕಡೆಯೇ ಹುಡುಕಿ.

ಒಬ್ಬರೇ, ಮಳೆಗಾಲದಲ್ಲಿ ಬಂದರೆ ಲಾಡ್ಜು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಹೋಮ್‌ಸ್ಟೇ. ಕೆಲಸ ಆರು ತಿಂಗಳಿಗೆ ಬೆಳೆಯುವ ಹಾಗಿದ್ದರೆ, ಮೊದಲ ವಾರ ಲಾಡ್ಜಿನಲ್ಲಿದ್ದು ಮನೆ ಹುಡುಕಿ.