ಹಳೇ ಮನೆಯ ಗೋಡೆಗೆ ಸಿಮೆಂಟ್ ಹೊಡೆಸುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಮುತ್ತಜ್ಜ ಕಟ್ಟಿಸಿದ ಮನೆಯನ್ನು ದೊಡ್ಡಪ್ಪನ ಮಕ್ಕಳಿಂದ ನಾನು ಕೊಂಡು ನಾಲ್ಕು ವರ್ಷವಾಯಿತು. ಇನ್ನೂ ಅಲ್ಲಿ ವಾಸಕ್ಕೆ ಹೋಗಲು ಆಗಿಲ್ಲ. ಒಂದೇ ಗೋಡೆಗೆ ಎರಡು ಸಲ ದುಡ್ಡು ಸುರಿದಿದ್ದೇನೆ. ಮೊದಲು ಸಿಮೆಂಟ್ ಹೊಡೆಸಲು, ಆಮೇಲೆ ಅದೇ ಸಿಮೆಂಟ್ ಕೀಳಿಸಲು. ಹಳೇ ಮನೆ ಕೊಳ್ಳುವ ಅಥವಾ ರಿಪೇರಿ ಮಾಡಿಸುವ ಯೋಚನೆಯಲ್ಲಿ ಇರುವವರು ದಯವಿಟ್ಟು ಪೂರ್ತಿ ಓದಿ.

ತಪ್ಪು ಶುರುವಾಗಿದ್ದು ಕೊಳ್ಳುವಾಗಲೇ. ಮನೆಯನ್ನು ಯಾರಿಂದಲೂ ಪರೀಕ್ಷೆ ಮಾಡಿಸಲಿಲ್ಲ. ಆಡಿ ಬೆಳೆದ ಮನೆ, ಕತ್ತಲಲ್ಲೂ ತಡವರಿಸದೆ ಓಡಾಡುತ್ತಿದ್ದ ಮನೆ, ಇದರಲ್ಲಿ ಹೊಸದಾಗಿ ನೋಡುವುದೇನಿದೆ ಅಂದುಕೊಂಡೆ. ಬೇರೆ ಯಾರದ್ದೋ ಮನೆಯಾಗಿದ್ದರೆ ಖಂಡಿತ ಇಂಜಿನಿಯರ್ ಕರೆಸುತ್ತಿದ್ದೆ. ಅಜ್ಜಿಯ ಕೋಣೆಗೆ ಕಾಲಿಟ್ಟರೆ ಒಂದು ತಂಪು ವಾಸನೆ ಬರುತ್ತಿತ್ತು. ಚಿಕ್ಕವರಿದ್ದಾಗ ಅದು ನಮಗೆ ಅಜ್ಜಿಯ ಕೋಣೆಯ ವಾಸನೆ, ಅಷ್ಟೇ. ಗೋಡೆ ವರ್ಷಾನುಗಟ್ಟಲೆ ಒದ್ದೆಯಾಗಿರುವ ವಾಸನೆ ಅದು ಅಂತ ಗೊತ್ತಾಗುವ ಹೊತ್ತಿಗೆ ಮನೆ ನನ್ನ ಹೆಸರಿಗೆ ಆಗಿಹೋಗಿತ್ತು.

ಕಾಗದಪತ್ರದ ವಿಷಯದಲ್ಲೂ ಅದೇ ಸಲಿಗೆ. ಮನೆಯವರೇ ಅಲ್ವಾ, ಎಲ್ಲರಿಗೂ ಒಪ್ಪಿಗೆ ಇದೆ ಅಂತ ದೊಡ್ಡಣ್ಣ ಹೇಳಿದ್ದನ್ನೇ ನಂಬಿದೆ. ಅತ್ತೆಯನ್ನು ಯಾರೂ ಒಂದು ಮಾತು ಕೇಳಿಯೇ ಇರಲಿಲ್ಲ. ಕೆಲಸ ಅರ್ಧ ಆದಾಗ ಅವರು ಬಂದು, "ನಾನು ಎಲ್ಲಿ ಸಹಿ ಹಾಕಿದ್ದೇನೆ, ತೋರಿಸು" ಅಂದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಎಲ್ಲ ಬಗೆಹರಿಯಲು ಎಂಟು ತಿಂಗಳು ಬೇಕಾಯಿತು. ಅಷ್ಟು ದಿನವೂ ಬಿಚ್ಚಿದ ಮಾಡಿನ ಮೇಲೆ ತಾಡಪಾಲು ಹೊದಿಸಿಟ್ಟಿದ್ದೆವು. ಪಾಲು ಇರುವ ಪ್ರತಿಯೊಬ್ಬರ ಸಹಿಯೂ ಕೈಗೆ ಬರುವವರೆಗೆ ಒಂದು ಹೆಂಚನ್ನೂ ಇಳಿಸಬೇಡಿ.

ಈಗ ಗೋಡೆಯ ವಿಷಯ. ಇದೇ ದೊಡ್ಡದು.

ನೆಲದಿಂದ ಸುಮಾರು ಮೊಣಕಾಲೆತ್ತರದವರೆಗೆ ಗೋಡೆಯ ಸುಣ್ಣ ಉದುರುತ್ತಿತ್ತು. ಅಲ್ಲಲ್ಲಿ ಬಿಳಿ ಹತ್ತಿಯ ಹಾಗೆ ಉಪ್ಪು ಎದ್ದಿತ್ತು. ಬೆರಳಲ್ಲಿ ಒರೆಸಿದರೆ ಪುಡಿಪುಡಿಯಾಗಿ ಅಂಟಿಕೊಳ್ಳುತ್ತಿತ್ತು. ನೋಡಲು ಬಂದ ಕಂಟ್ರಾಕ್ಟರ್ ಹೊಸ ಕಟ್ಟಡಗಳನ್ನು ಚೆನ್ನಾಗಿ ಕಟ್ಟುವವರು. ಹಳೇ ಮನೆ ಮುಟ್ಟಿದ್ದಾರೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಅವರು ಗೋಡೆ ತಟ್ಟಿ ನೋಡಿ, "ಇದೆಲ್ಲ ಸತ್ತುಹೋಗಿದೆ ಸರ್. ಕಿತ್ತು ಹಾಕಿ ಸಿಮೆಂಟ್ ಪ್ಲಾಸ್ಟರ್ ಮಾಡಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದುಬಿಡೋಣ. ಇನ್ನು ಐವತ್ತು ವರ್ಷ ಈ ಕಡೆ ತಿರುಗಿ ನೋಡಬೇಕಾಗಿಲ್ಲ" ಅಂದರು. ಐವತ್ತು ವರ್ಷ ಅಂದಿದ್ದು ಕೇಳಿ ನಾನು ಖುಷಿಯಾಗಿ ಅರ್ಧ ದುಡ್ಡು ಮುಂಗಡ ಕೊಟ್ಟೆ.

ಮೊದಲ ಆರು ತಿಂಗಳು ಮನೆ ಫಳಫಳ ಹೊಳೆಯುತ್ತಿತ್ತು. ನೆಂಟರೆಲ್ಲ ಬಂದು ಹೊಗಳಿ ಹೋದರು. ಒಂದು ಮಳೆಗಾಲ ಕಳೆಯಿತು. ಮೊದಲು ಮೊಣಕಾಲೆತ್ತರದಲ್ಲಿದ್ದ ತೇವ ಎದೆಯೆತ್ತರಕ್ಕೆ ಏರಿತ್ತು. ಪೇಂಟ್ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆಯನ್ನು ಉಗುರಿನಿಂದ ಚುಚ್ಚಿದೆ, ಒಳಗಿಂದ ನೀರು ಇಳಿಯಿತು. ಗೋಡೆ ತಟ್ಟಿದರೆ ಡಬಡಬ ಅಂತ ಪೊಳ್ಳು ಸದ್ದು.

ಯಾಕೆ ಹೀಗಾಯಿತು ಅಂತ ತಿಳಿಯಲು ತುಂಬ ದಿನ ಅಲೆದಿದ್ದೇನೆ. ಅರ್ಥವಾದದ್ದನ್ನು ಹೇಳುತ್ತೇನೆ.

ಈಗ ನಾವು ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಮನೆ ಕಟ್ಟುವವರ ಕೈಗೆಲ್ಲ ಅದು ಸುಲಭವಾಗಿ ಸಿಗಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಹೆಚ್ಚಾಗಿ ಸುಣ್ಣದ ಗಾರೆಯಲ್ಲಿ ಅಥವಾ ಮಣ್ಣಿನಲ್ಲಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗೆ ಗಟ್ಟಿಯಾದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನೆಲದಿಂದ ಗೋಡೆ ಹೀರಿದ ತೇವ ಆ ರಂಧ್ರಗಳ ಮೂಲಕ ಹೊರಗೆ ಬಂದು ಆವಿಯಾಗುತ್ತದೆ. ಹಳೇ ಗೋಡೆ ಒದ್ದೆಯಾಗುವುದೂ ಉಂಟು, ಒಣಗುವುದೂ ಉಂಟು. ಅದು ಬದುಕಿರುವುದೇ ಹಾಗೆ.

ನಾನು ಆ ದಾರಿಯನ್ನು ಮುಚ್ಚಿಸಿಬಿಟ್ಟೆ. ಸಿಮೆಂಟಿನಲ್ಲಿ ತೇವ ಅಷ್ಟು ಸುಲಭವಾಗಿ ಹಾಯುವುದಿಲ್ಲ, ಪೇಂಟ್ ಇನ್ನೂ ಬಿಗಿ. ಒಳಗೆ ಸಿಕ್ಕಿಕೊಂಡ ನೀರು ಹೊರಬರುವ ಜಾಗ ಹುಡುಕುತ್ತಾ ಮೇಲೆ ಮೇಲೆ ಏರಿತು. ನೀರಿನ ಜೊತೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿತು. ಹರಳು ಬೆಳೆದ ಹಾಗೆ ಇಟ್ಟಿಗೆಯ ಮುಖವನ್ನೇ ಒಡೆದು ಹಾಕಿತು. ಇನ್ನೊಂದು ವಿಷಯ. ಹಳೇ ಇಟ್ಟಿಗೆ ಮೆತ್ತಗಿರುತ್ತದೆ, ಸಿಮೆಂಟ್ ಅದಕ್ಕಿಂತ ಗಟ್ಟಿ. ಗೋಡೆ ಸ್ವಲ್ಪ ಅಲುಗಿದರೂ ಬಿರುಕು ಬಿಡುವುದು ಇಟ್ಟಿಗೆಯೇ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಪೆಟ್ಟು ಬಿದ್ದರೆ ಗಾರೆಗೆ ಬೀಳಲಿ, ಅದನ್ನು ಮತ್ತೆ ತುಂಬಬಹುದು.

ಗೋಡೆ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ತೊಲೆಯ ತುದಿ ಕೂತಿರುವುದು ಅದೇ ಗೋಡೆಯೊಳಗೆ. ಒಂದು ದಿನ ಅಟ್ಟದ ಮೇಲೆ ಹತ್ತಿ ನಡುಮನೆಯ ದೊಡ್ಡ ತೊಲೆ ನೋಡಿದೆ. ಹೊರಗಿಂದ ಏನೂ ಇಲ್ಲ, ಬಣ್ಣ ಹಾಗೇ ಇತ್ತು. ಸುಮ್ನೆ ಜೇಬಿನಲ್ಲಿದ್ದ ಬೀಗದ ಕೈ ತೆಗೆದು, ಗೋಡೆಗೆ ಸೇರುವ ಕಡೆ ಒತ್ತಿದೆ. ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಹೊರಗೆ ಎಳೆದರೆ ಕೈತುಂಬ ಕಂದು ಬಣ್ಣದ ತರಿ. ಅಲ್ಲೇ ಕೂತುಬಿಟ್ಟೆ. ಮರದಲ್ಲಿ ತೇವ 20 ಪರ್ಸೆಂಟ್ ದಾಟಿ ಹಾಗೇ ನಿಂತರೆ ಶಿಲೀಂಧ್ರ ಹಿಡಿಯುವ ಅಪಾಯ ಶುರು. ಅಷ್ಟು ವರ್ಷ ಮಾಡು ಹೊತ್ತು ನಿಂತಿದ್ದ ತೊಲೆ ನನ್ನ ಕಾಲದಲ್ಲಿ ಹೀಗಾಯಿತಲ್ಲ ಅನ್ನುವ ಸಂಕಟ ಇವತ್ತಿಗೂ ಹೋಗಿಲ್ಲ.

ಕಂಟ್ರಾಕ್ಟರಿಗೆ ಫೋನ್ ಮಾಡಿದೆ. "ಮನೆಯೇ ಹಳೇದು ಸರ್, ನಾವೇನು ಮಾಡೋಕಾಗುತ್ತೆ" ಅಂದರು. ಯಾವ ಕೆಲಸ, ಯಾವ ಸಾಮಗ್ರಿ, ಕೆಟ್ಟರೆ ಯಾರು ಹೊಣೆ ಅಂತ ಬರವಣಿಗೆಯಲ್ಲಿ ಏನೂ ಇರಲಿಲ್ಲ. ದುಡ್ಡು ಪೂರ್ತಿ ಸಂದಾಯವಾಗಿತ್ತು.

ಕೊನೆಗೆ ಸುಣ್ಣದ ಕೆಲಸ ಗೊತ್ತಿದ್ದ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಬಂದವರು ಗೋಡೆಯನ್ನು ಮುಟ್ಟಲೇ ಇಲ್ಲ. ಮೊದಲು ಮನೆಯ ಸುತ್ತ ಎರಡು ಸುತ್ತು ಹಾಕಿದರು. ಮಾಡಿನಿಂದ ಇಳಿಯುವ ಪೈಪ್ ಬುಡದಲ್ಲಿ ಒಡೆದಿತ್ತು, ಮಳೆನೀರು ನೇರ ಪಾಯಕ್ಕೆ ಬೀಳುತ್ತಿತ್ತು. ಅಂಗಳದ ಮಣ್ಣು ವರ್ಷ ವರ್ಷ ಏರಿ ಏರಿ ಒಳಗಿನ ನೆಲಕ್ಕಿಂತ ಒಂದು ಗೇಣು ಎತ್ತರವಾಗಿತ್ತು. "ಗೋಡೆಗೆ ಕಾಯಿಲೆ ಇರಲಿಲ್ಲ ಸ್ವಾಮಿ. ನೀರು ಬರೋ ದಾರಿ ತೆರೆದಿಟ್ಟು, ಹೋಗೋ ದಾರಿ ಮುಚ್ಚಿದ್ದೀರಿ" ಅಂದರು. ಒಂದು ಪೈಪ್ ಬದಲಿಸಿ, ಅಂಗಳದ ಮಣ್ಣು ತೆಗೆಸಿದ್ದರೆ ಮುಗಿಯುತ್ತಿದ್ದ ಕೆಲಸ ಅದು.

ಸಿಮೆಂಟ್ ಕೀಳುವಾಗ ಇಟ್ಟಿಗೆಯ ಮುಖವೂ ಅದರ ಜೊತೆಗೇ ಕಿತ್ತು ಬಂತು. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಸಿಮೆಂಟ್ ಹಚ್ಚಿದ ಮೇಲೆ ಬೇಡ ಅನ್ನಿಸಿದರೆ ತೆಗೆಯಬಹುದು ಅಂತ ಅಂದುಕೊಳ್ಳಬೇಡಿ. ತೊಲೆಯ ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಗಟ್ಟಿ ಮರ ಜೋಡಿಸಿ ಬೋಲ್ಟ್ ಹಾಕಿಸಿದೆವು. ಪೂರ್ತಿ ತೊಲೆ ಬದಲಿಸಬೇಕು ಅಂತ ಇಬ್ಬರು ಹೇಳಿದ್ದರು. ಒಳ್ಳೆಯ ಭಾಗ ಉಳಿಸಲು ಸಾಧ್ಯವೇ ಅಂತ ಇನ್ನೊಬ್ಬರನ್ನು ಕೇಳಿದ್ದಕ್ಕೆ ಅದು ಉಳಿಯಿತು.

ಕಿಟಕಿಗಳ ವಿಷಯದಲ್ಲಿ ಆ ಅದೃಷ್ಟ ಇರಲಿಲ್ಲ. ಹಿಂಜು ತುಕ್ಕು ಹಿಡಿದಿದೆ ಅಂತ ನಾಲ್ಕು ಕಿಟಕಿಗಳನ್ನು ಕಿತ್ತು ಗಾಡಿಗೆ ಹಾಕಿ ಕಳಿಸಿಬಿಟ್ಟಿದ್ದರು. ನಾನು ಆ ದಿನ ಊರಲ್ಲಿರಲಿಲ್ಲ. ಅದೇ ಥರ ಮಾಡಿಸೋಣ ಅಂದರೆ ಅಳತೆ ಇಲ್ಲ, ಒಂದು ಸರಿಯಾದ ಫೋಟೋ ಇಲ್ಲ. ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು, ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕು ಅಂತ 1964ರ ವೆನಿಸ್ ಸನ್ನದಿನಲ್ಲಿದೆ, ಅಂದರೆ ಹಳೇ ಕಟ್ಟಡ ಕಾಪಾಡುವ ಬಗ್ಗೆ ಹಲವು ದೇಶಗಳ ತಜ್ಞರು ಸೇರಿ ಬರೆದ ನಿಯಮಗಳಲ್ಲಿ. ಅದು ದೊಡ್ಡ ಸ್ಮಾರಕಗಳಿಗೆ ಬರೆದದ್ದು ನಿಜ, ಆದರೆ ನಮ್ಮಂಥವರ ಮನೆಗೂ ಇದಕ್ಕಿಂತ ಒಳ್ಳೆಯ ಮಾತು ಇಲ್ಲ. ಏನನ್ನೇ ಬಿಚ್ಚುವ ಮುಂಚೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ್ದನ್ನು ನೀವು ನೋಡುವವರೆಗೆ ಮನೆಯಿಂದ ಆಚೆ ಬಿಡಬೇಡಿ.

ಮಕ್ಕಳಿರುವವರು ಇದನ್ನು ಗಮನಿಸಿ. ಬಾಗಿಲುಗಳ ಹಳೇ ಬಣ್ಣವನ್ನು ಬೆಂಕಿ ಹಿಡಿದು ಸುಟ್ಟು, ಆಮೇಲೆ ಮೆಷಿನ್ನಿನಲ್ಲಿ ಉಜ್ಜಿದರು. ಮನೆಯೆಲ್ಲ ಧೂಳು. ನನ್ನ ಮಗಳು ಅಲ್ಲೇ ಆಡುತ್ತಿದ್ದಳು. ಹಳೇ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ, ಅಮೆರಿಕದಲ್ಲಿ ಮನೆಗಳ ಬಣ್ಣಕ್ಕೆ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಆ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ರಕ್ತಪರೀಕ್ಷೆಯ ರಿಪೋರ್ಟ್ ಬರುವವರೆಗೆ ನಾವು ಪಟ್ಟ ಪಾಡು ಯಾರಿಗೂ ಬೇಡ. ದೇವರು ದೊಡ್ಡವನು, ಏನೂ ಆಗಿರಲಿಲ್ಲ. ಬಣ್ಣವನ್ನು ಮೊದಲು ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಸುಡಲು, ಒಣ ಉಜ್ಜಲು ಬಿಡಬೇಡಿ.

ನೀವು ನೋಡುತ್ತಿರುವ ಮನೆಯಲ್ಲೂ ತೇವ ಇದ್ದರೆ ಈ ಸುಲಭದ ಪರೀಕ್ಷೆ ಮಾಡಿ. ಅಂಗೈಗಿಂತ ದೊಡ್ಡದಾದ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹನಿ ಫಾಯಿಲ್ ಮೇಲೆ ಕಂಡರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಎಷ್ಟೋ ಸರಿಹೋಗಬಹುದು. ಫಾಯಿಲ್ ಹಿಂದೆ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಸಾಧ್ಯವಾದರೆ ಒಂದು ಮಳೆಗಾಲ ಪೂರ್ತಿ ಮನೆಯನ್ನು ನೋಡಿ, ಆಮೇಲೆ ಕೆಲಸ ಹಿಡಿಸಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಆರು ತಿಂಗಳಾದರೂ ಗೆರೆ ದಾಟದ ಬಿರುಕಿಗೆ ಹೆದರಿ ದುಡ್ಡು ಸುರಿಯುವ ಮುಂಚೆ ತಿಳಿದವರನ್ನು ಕೇಳಿ.

ಒದ್ದೆ ಗೋಡೆ ಒಂದು ಇಂಚು ದಪ್ಪ ಒಣಗಲು ಹೆಚ್ಚುಕಡಿಮೆ ಒಂದು ತಿಂಗಳು ಅಂತ ಲೆಕ್ಕ ಇಡುತ್ತಾರೆ. ನಮ್ಮ ಗೋಡೆಗಳು ಒಂದೂವರೆ ಅಡಿ ದಪ್ಪ. ನಡುಮನೆ ಒಣಗಿದೆ, ಅಲ್ಲಿ ಸುಣ್ಣದ ಗಾರೆ ಹಚ್ಚಿ ಮುಗಿಯಿತು. ಅಜ್ಜಿಯ ಕೋಣೆಯ ಗೋಡೆ ಇನ್ನೂ ಬರಿಮೈಯಲ್ಲಿದೆ. ಕಳೆದ ಭಾನುವಾರ ಫಾಯಿಲ್ ಬಿಚ್ಚಿ ನೋಡಿದೆ. ಹಿಂದೆ ಹನಿ ಇತ್ತು, ಆದರೆ ಮೊದಲಿನಷ್ಟಿಲ್ಲ. ಹೊಸ ತುಂಡು ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಬಂದಿದ್ದೇನೆ.