ಚೌಕ ಕಣ್ಣಿನ ಚೀಲವೋ, ಹಳೆಯ ಚೀಲವೋ?

ಮಲ್ಪೆಯಿಂದ ಹೊರಡುವ, ಬಲೆಯನ್ನು ಎಳೆದು ಮೀನು ಹಿಡಿಯುವ ನಮ್ಮ ಟ್ರಾಲ್ ಬೋಟಿನಲ್ಲಿ ಒಂದು ಋತು ಪೂರ್ತಿ ಬಲೆಯ ತುದಿಗೆ ಎರಡು ಚೀಲಗಳನ್ನು ಸರದಿಯಂತೆ ಕಟ್ಟಿ ನೋಡಿದೆವು. ಒಂದು ಎಳೆತಕ್ಕೆ ಹಳೆಯ ವಜ್ರಾಕಾರದ ಕಣ್ಣಿನದು (ಕಣ್ಣು ಎಂದರೆ ಬಲೆಯ ರಂಧ್ರ), ಮುಂದಿನದಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಹೇಳುವ 35 ಮಿಲಿಮೀಟರ್ ಚೌಕ ಕಣ್ಣಿನದು. ಬೋಟ್ ಅದೇ, ಬೋಟು ನಡೆಸುವ ತಾಂಡೇಲನ ಗೊಣಗಾಟವೂ ಅದೇ.

ಹಳೆಯ ಚೀಲ ಬಂದದ್ದನ್ನೆಲ್ಲ ನುಂಗುತ್ತದೆ. ಎಳೆಯುವಾಗ ಭಾರಕ್ಕೆ ಅದರ ಕಣ್ಣು ಮುಚ್ಚಿಕೊಳ್ಳುತ್ತದೆ. ಡೆಕ್ಕಿನ ಮೇಲೆ ಸುರಿದರೆ ರಾಣಿ ಮೀನಿನ ನಡುವೆ ಬೆರಳುದ್ದದ ಮರಿಗಳ ರಾಶಿ. ಆರಿಸಿ ನೀರಿಗೆಸೆದರೂ ಪುಣ್ಯವಿಲ್ಲ, ಅಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತವೆ. ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ತೂಕದ ಲೆಕ್ಕದಲ್ಲಿ ಕೊಡುತ್ತೇವೆ. ಆ ದುಡ್ಡು ಡೀಸೆಲ್ಲಿಗೆ ಆಗುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಚೌಕ ಕಣ್ಣು ಎಳೆತಕ್ಕೂ ತೆರೆದೇ ಇರುತ್ತದೆ, ಮರಿಗಳು ನೀರಿನಲ್ಲೇ ನುಸುಳಿ ಹೋಗುತ್ತವೆ. ಮೊದಲ ಸಲ ಚೀಲ ಸೊರಗಿ ಮೇಲೆ ಬಂದಾಗ ಬೋಟಿನ ಕೆಲಸಗಾರರಾದ ಕಲಾಸಿಗಳೆಲ್ಲ ನನ್ನ ಮುಖ ನೋಡಿದರು. ಆದರೆ ಆರಿಸುವ ಕೆಲಸ ಅರ್ಧಕ್ಕಿಳಿಯಿತು. ಬೊಂಡಾಸ್ (ಸ್ಕ್ವಿಡ್) ಜಜ್ಜಿಹೋಗದೆ, ಚರ್ಮ ಸುಲಿಯದೆ ಬಂದು ಹರಾಜಿನಲ್ಲಿ ಒಳ್ಳೆಯ ದರ ಸಿಕ್ಕಿತು. ಕಾಟವೂ ಇದೆ. ರಿಬ್ಬನ್ನಿನಂಥ ಸಪೂರ ಮೀನು ಪಾಂಬೋಲ್ ಬಲೆಯ ಕಣ್ಣಿಗೆ ಸಿಕ್ಕಿ ನೇತಾಡುತ್ತದೆ, ಒಂದೊಂದನ್ನೇ ಕೀಳಬೇಕು. ಗಂಟು ಜಾರಿ ಚೌಕ ಓರೆಯಾಗುತ್ತದೆ, ಬಲೆ ಹೆಣೆಯುವವರಿಗೆ ಮತ್ತೆ ಕೂಲಿ. ಸಣ್ಣ ಸಿಗಡಿಗಂತೂ ಇದು ಆಗಿಬರುವುದಿಲ್ಲ.

ಆಮೆ ಹೊರಹೋಗುವ ಕಬ್ಬಿಣದ ಜಾಲರಿಯನ್ನೂ ಒಂದು ಸಲ ಒಯ್ದಿದ್ದೆವು. ಇದನ್ನು ಬಳಸುವುದಿಲ್ಲವೆಂದೇ ಅಮೆರಿಕ 2019ರಲ್ಲಿ ನಮ್ಮ ಸಮುದ್ರದ ಸಿಗಡಿಗೆ ಬಾಗಿಲು ಹಾಕಿದ್ದು. ನಮ್ಮ ಬಲೆಗೆ ಆಮೆ ಬರಲಿಲ್ಲ. ಪ್ಲಾಸ್ಟಿಕ್ ಚೀಲಗಳು ಸರಳುಗಳಿಗೆ ಅಡ್ಡ ಕುಳಿತವು, ದೊಡ್ಡದೊಂದು ತೊರಕೆ ಮೀನು ಕಣ್ಣೆದುರೇ ಜಾರಿತು. ಒಂದೇ ಸಲದ ಅನುಭವದಿಂದ ಅದನ್ನು ದೂರುವುದಿಲ್ಲ.

ಜೂನ್, ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಸಮುದ್ರಕ್ಕಿಳಿದಾಗ ಎಲ್ಲಿ ನೋಡಿದರೂ ಮರಿಗಳೇ. ಆಗ ನಾನು ಚೌಕವನ್ನೇ ಕಟ್ಟಿಸುತ್ತೇನೆ. ನಾವು ಬಿಟ್ಟ ಮರಿಯನ್ನು ಪಕ್ಕದ ಬೋಟ್ ಹಳೆಯ ಚೀಲದಲ್ಲಿ ಬಾಚುವಾಗ ಹೊಟ್ಟೆ ಉರಿಯುತ್ತದೆ, ನಿಜ. ನಮ್ಮ ಹಳೆಯ ಚೀಲವೂ ಬೋಟಿನ ಮೂಲೆಯಲ್ಲೇ ಇದೆ. ಪಾಂಬೋಲ್ ಬಂದರೆ ಬೇಕಾಗುತ್ತದೆ ಎಂದು ತಾಂಡೇಲ ಅದನ್ನು ಇಳಿಸಲು ಬಿಟ್ಟಿಲ್ಲ.